ಯಾರ ಲೆಕ್ಕದಾಗ ನಾವು ತಡ?

ಮುಂಜಾನೆ ಖಾನಾಪುರದಿಂದ ಬೆಳಗಾವಿಗೆ ಹೊರಡುವ ಬಸ್ಸಿನಲ್ಲಿ ಮೂರು ನಮೂನಿ ಜನ ಇರುತ್ತಾರೆ. ಒಂದು, ಕಾಲೇಜಿನ ಹುಡುಗ ಹುಡುಗಿಯರು. ಎರಡು, ಡಬ್ಬಿ ಕಟ್ಟಿಕೊಂಡು ಮಚ್ಛೆ, ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವವರು. ಮೂರನೆಯವರನ್ನು ಗುರುತು ಹಿಡಿಯುವುದು ಸ್ವಲ್ಪ ಕಷ್ಟ. ಅವರ ಹೆಗಲಿಗೂ ಪುಸ್ತಕದ ಚೀಲ ಇರುತ್ತದೆ, ಆದರೆ ಅವರು ಕಾಲೇಜಿನವರಲ್ಲ. ವಯಸ್ಸು 26, 28, 30. ಕೋಚಿಂಗ್ ಕ್ಲಾಸಿಗೋ, ಗ್ರಂಥಾಲಯಕ್ಕೋ, ಈಗಷ್ಟೇ ಸಿಕ್ಕ ಸಣ್ಣ ಕೆಲಸಕ್ಕೋ ಹೊರಟವರು.

ನಾವು ಆ ಮೂರನೆಯ ಗುಂಪಿನವರು. ನಮ್ಮಲ್ಲಿ ಒಬ್ಬ ಅಪ್ಪ ಹಾಸಿಗೆ ಹಿಡಿದಾಗ ಓದು ಬಿಟ್ಟು ನಾಲ್ಕು ವರ್ಷ ಟೆಂಪೋ ಓಡಿಸಿದ. ಒಬ್ಬಳು ಮದುವೆಯಾಗಿ, ಮಗು ಅಂಗನವಾಡಿಗೆ ಹೋಗುವಂತಾದ ಮೇಲೆ ಮತ್ತೆ ಕಾಲೇಜಿಗೆ ಬಂದಳು. ಇನ್ನೊಬ್ಬ ಮಿಲಿಟರಿ ಭರ್ತಿಗೆ ಓಡಿ ಓಡಿ ವಯಸ್ಸು ಮುಗಿಸಿಕೊಂಡ. ನಾವೆಲ್ಲ ಪತ್ರಿಕೋದ್ಯಮ ಓದಿ ಹೊರಬಂದಾಗ ನಮ್ಮ ಜೊತೆ ಎಸ್ಸೆಸ್ಸೆಲ್ಸಿ ಬರೆದವರು ಮನೆ ಕಟ್ಟಿಸುತ್ತಿದ್ದರು.

ಬಸ್ಸಿನಲ್ಲಿ ಊರಿನ ಹಿರಿಯರು ಸಿಕ್ಕರೆ ಒಂದೇ ಪ್ರಶ್ನೆ. "ಈಗ ಏನ್ ಮಾಡಾಕತ್ತೀ ತಮ್ಮಾ? ಇನ್ನೂ ಓದಾಕತ್ತೀಯೇನ? ನಿನ್ನ ಜೋಡಿ ಕಲಿತಾವ ನೋಡು, ಮನಿ ಕಟ್ಟಿಸ್ಯಾನ." ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಟೆಂಪೋ ಓಡಿಸಿದ ನಮ್ಮ ಗೆಳೆಯ ಹೋದ ವರ್ಷ ತನ್ನ ಜೀವದ ಗೆಳೆಯನ ಮನೆಯ ವಾಸ್ತುಶಾಂತಿಗೇ ಹೋಗಲಿಲ್ಲ. ಜ್ವರ ಅಂತ ಸುಳ್ಳು ಹೇಳಿದ. ಅಲ್ಲಿ ಇಡೀ ಊರೇ ಆ ಪ್ರಶ್ನೆ ಹಿಡಿದು ಕೂತಿರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅವತ್ತೇ ನಾವು ಮಾತಾಡಿಕೊಂಡೆವು. ‘ತಡ’ ಅಂತಾರಲ್ಲ, ಇದು ಯಾವ ಗಡಿಯಾರದ ಲೆಕ್ಕ? ಅದನ್ನು ಯಾರು ಗೋಡೆಗೆ ಹಾಕಿದರು? ಇತಿಹಾಸದಲ್ಲಿ ಹುಡುಕಿದಾಗ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ದೂರ ಹೋಗಬೇಕಾಗಿಲ್ಲ, ಹೆಚ್ಚಿನದು ಬೆಳಗಾವಿಯ ಸುತ್ತಲೇ ಇದೆ.

ಜೂನ್ ಒಂದಕ್ಕೆ ಹುಟ್ಟಿದವರು

ಮೊದಲು ನಿಮ್ಮ ಮನೆಯ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನ ಜೂನ್ 1 ಅಂತ ಇರುವ ಸಾಧ್ಯತೆ ಬಹಳ. ನಮ್ಮ ಕಡೆ ಒಂದೊಂದು ಊರಿನಲ್ಲಿ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದೆ! ಕಾರಣ ಎಲ್ಲರಿಗೂ ಗೊತ್ತು. ಮಗುವನ್ನು ಸಾಲಿಗೆ ಹಚ್ಚುವಾಗ ಮಾಸ್ತರರು "ಯಾವಾಗ ಹುಟ್ಟ್ಯಾನ?" ಅಂತ ಕೇಳುತ್ತಿದ್ದರು. ಅವ್ವ "ಬರ ಬಿದ್ದಿತ್ತಲ್ರೀ, ಆ ವರ್ಷ" ಅನ್ನುತ್ತಿದ್ದಳು. ಸಾಲಿ ಶುರುವಾಗುವುದು ಜೂನ್‌ನಲ್ಲಿ. ಮಾಸ್ತರರು ಲೆಕ್ಕ ಹಾಕಿ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಮುಂದೆ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ಅದೇ ದಿನದ ಮೇಲೆ ನಿಂತಿತು.

ಅದಕ್ಕೂ ಮುಂಚೆ ವಯಸ್ಸು ಇರಲಿಲ್ಲವೇ? ಇತ್ತು. ಆದರೆ ಕೆಲಸಕ್ಕೂ ವಯಸ್ಸಿಗೂ ಹೀಗೆ ಗಂಟು ಬಿದ್ದಿರಲಿಲ್ಲ. ಖಾನಾಪುರದ ಕುಂಬಾರಿಕೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಹಿಂದೆ ಕುಂಬಾರರ ಮನೆಯ ಹುಡುಗ ಮಣ್ಣು ತುಳಿಯುತ್ತಾ, ಗಡಿಗೆ ಬಡಿಯುತ್ತಾ, ಯಾವತ್ತು ಕುಂಬಾರನಾದ ಅಂತ ಯಾರೂ ತಾರೀಖು ಬರೆದಿಡಲಿಲ್ಲ. ಅವನು ಯಾರಿಗಿಂತಲೂ ತಡ ಆಗಲಿಲ್ಲ.

ಆ ಕಾಲ ಎಷ್ಟು ಛಲೋ ಇತ್ತು ಅಂತ ಅನ್ನುವ ಮುಂಚೆ ಇನ್ನೊಂದು ಮಾತು. ಅವನು ತಡ ಆಗಲಿಲ್ಲ, ಏಕೆಂದರೆ ಅವನಿಗೆ ಆಯ್ಕೆಯೇ ಇರಲಿಲ್ಲ. ಕುಂಬಾರನ ಮಗ ಕುಂಬಾರ, ಒಕ್ಕಲಿಗನ ಮಗ ಒಕ್ಕಲಿಗ, ಜೀತದವನ ಮಗ ಜೀತದವನು. ದಾರಿ ಆರಿಸಿಕೊಳ್ಳುವ ಹಕ್ಕು ಬಂದ ಮೇಲೆಯೇ ‘ತಡ’ ಎಂಬ ಮಾತೂ ಬಂತು. ಹಾಗೆ ನೋಡಿದರೆ ನಮ್ಮ ಅಜ್ಜಂದಿರಿಗೆ ಸಿಗದ ಆಯ್ಕೆ ನಮಗೆ ಸಿಕ್ಕಿದೆ, ಅದರ ಬೆನ್ನಿಗೇ ಈ ಸಂಕಟವೂ ಬಂದಿದೆ.

ನಡೆಯುವ ವಯಸ್ಸು, ತುಂಬಿದ ವಯಸ್ಸು

ನೌಕರಿಗೆ ವಯಸ್ಸಿನ ಗೆರೆ ಎಳೆದದ್ದರಲ್ಲಿ ಬ್ರಿಟಿಷ್ ಸರ್ಕಾರದ ಕೈ ದೊಡ್ಡದು. 1869ರಲ್ಲಿ ನಾಲ್ವರು ಭಾರತೀಯರು ಲಂಡನ್ನಿನಲ್ಲಿ ಐಸಿಎಸ್ ಪರೀಕ್ಷೆ ಪಾಸಾದರು. ಅವರಲ್ಲಿ ಇಬ್ಬರನ್ನು, ಬಂಗಾಳದ ಸುರೇಂದ್ರನಾಥ ಬ್ಯಾನರ್ಜಿ ಮತ್ತು ಮುಂಬೈ ಕಡೆಯ ಶ್ರೀಪಾದ ಬಾಬಾಜಿ ಠಾಕೂರ್ ಅವರನ್ನು, ಪಟ್ಟಿಯಿಂದ ಕೈಬಿಟ್ಟರು. ಕಾರಣ ವಯಸ್ಸು. ಆಗ ಮಿತಿ 21. ಮೆಟ್ರಿಕ್ ಪರೀಕ್ಷೆಯ ಹೊತ್ತಿಗೆ ಬರೆಸಿದ್ದ ವಯಸ್ಸಿನಿಂದ ಲೆಕ್ಕ ಹಾಕಿದರೆ ಮಿತಿ ದಾಟುತ್ತದೆ ಎಂದು ಅಧಿಕಾರಿಗಳು ಹೇಳಿದರು.

ಸುರೇಂದ್ರನಾಥರ ಉತ್ತರ ನಮ್ಮ ಕಡೆಯ ಯಾವ ಅಜ್ಜಿಗೂ ಅರ್ಥವಾಗುವಂಥದ್ದು. ನಮ್ಮ ದೇಶದಲ್ಲಿ ತುಂಬಿದ ವಯಸ್ಸು ಹೇಳುವುದಿಲ್ಲ, ನಡೆಯುವ ವಯಸ್ಸು ಹೇಳುತ್ತಾರೆ. "ಹದಿನಾರು ನಡೀತದ" ಅಂದರೆ ಹದಿನೈದು ತುಂಬಿದೆ ಅಂತ ಅರ್ಥ. ಇಷ್ಟೇ ವ್ಯತ್ಯಾಸಕ್ಕೆ ಅವರು ಲಂಡನ್ನಿನಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ ಇಬ್ಬರನ್ನೂ ಮತ್ತೆ ಸೇರಿಸಿಕೊಂಡರು.

ಕೆಲವೇ ವರ್ಷಗಳಲ್ಲಿ ಸರ್ಕಾರ ಆ ಮಿತಿಯನ್ನು 21ರಿಂದ 19ಕ್ಕೆ ಇಳಿಸಿತು. ಇಲ್ಲಿಂದ ಹಡಗು ಹತ್ತಿ ಹೋಗಿ, ಅವರ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕಾದ ಹುಡುಗರಿಗೆ 19 ಎಂದರೆ ಬಾಗಿಲು ಮುಚ್ಚಿದಂತೆಯೇ. 1877ರಲ್ಲಿ ಸುರೇಂದ್ರನಾಥರು ಇದರ ವಿರುದ್ಧ ದೇಶ ಸುತ್ತಿ ಸಭೆ ನಡೆಸಿದರು. ಕಾಂಗ್ರೆಸ್ ಹುಟ್ಟುವುದಕ್ಕೂ ಮುಂಚೆ ದೇಶದ ಬೇರೆ ಬೇರೆ ಭಾಗದ ಓದಿದ ಜನ ಒಂದೇ ಬೇಡಿಕೆಗೆ ಸೇರಿದ್ದು ನೌಕರಿಯ ವಯೋಮಿತಿಯ ಸಲುವಾಗಿ ಎನ್ನುವುದು ನಮಗೆ ಗೊತ್ತೇ ಇರಲಿಲ್ಲ. ಮುಂದೆ ಆ ಮಿತಿ 23ಕ್ಕೆ ಏರಿತು.

ಆ ಗೆರೆ ಆಕಾಶದಿಂದ ಇಳಿದು ಬಂದದ್ದಲ್ಲ. 21, 19, 23 ಎಂದು ಸರ್ಕಾರದ ಅನುಕೂಲ ಮತ್ತು ಜನರ ಒತ್ತಾಯಕ್ಕೆ ತಕ್ಕಂತೆ ಸರಿದಾಡಿದ್ದು. ಈಗಲೂ ಅಷ್ಟೇ. 2022ರಲ್ಲಿ ಅಗ್ನಿವೀರ ಯೋಜನೆ ಬಂದಾಗ ಮಿತಿ 21 ಅಂದರು. ಅದಕ್ಕೂ ಹಿಂದಿನ ಎರಡು ವರ್ಷ ಭರ್ತಿಯೇ ನಡೆದಿರಲಿಲ್ಲ. ಹುಡುಗರು ಬೀದಿಗೆ ಬಂದರು. ಸರ್ಕಾರ ಆ ಒಂದು ವರ್ಷದ ಮಟ್ಟಿಗೆ 23ಕ್ಕೆ ಏರಿಸಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇರುವ ಬೆಳಗಾವಿಯ ಸುತ್ತ, ಖಾನಾಪುರದ ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ಹುಡುಗರಿಗೆ ಆ ಎರಡು ವರ್ಷದ ಬೆಲೆ ಗೊತ್ತು.

ಹಾಗೆಯೇ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ. 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರು ಅಷ್ಟೂ ದಿನ ಕಾದರು. ಅವರನ್ನು ‘ಹಿಂದೆ ಬಿದ್ದವರು’ ಅನ್ನುವುದು ಹೇಗೆ?

ಕಾಂಗ್ರೆಸ್ ಬಾವಿಯ ಹತ್ತಿರ

ಖಾನಾಪುರದ ಬಸ್ಸು ಉದ್ಯಮಬಾಗ ದಾಟಿದರೆ ಟಿಳಕವಾಡಿ. ಅಲ್ಲಿ ಕಾಂಗ್ರೆಸ್ ಬಾವಿ ಇದೆ. 1924ರ ಡಿಸೆಂಬರ್ ಅಧಿವೇಶನಕ್ಕೆ ಬಂದ ಜನರಿಗೆ ನೀರು ಬೇಕೆಂದು ತೋಡಿಸಿದ ಬಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಇದು ಎಲ್ಲರಿಗೂ ಗೊತ್ತು. ಅಲ್ಲಿ ದುಡಿದ ಹೆಣ್ಣುಮಕ್ಕಳ ವಿಷಯ ಅಷ್ಟಾಗಿ ಗೊತ್ತಿಲ್ಲ.

ಉಮಾಬಾಯಿ ಕುಂದಾಪುರ 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಣ್ಣ ವಯಸ್ಸಿನಲ್ಲೇ ಮದುವೆ. ಮೆಟ್ರಿಕ್ ಮುಗಿಸಿದ್ದು ಮದುವೆಯ ನಂತರ. ಮಾವ ಆನಂದರಾಯರು ಸೊಸೆಯ ಓದಿಗೆ ಬೆನ್ನಾಗಿ ನಿಂತರು. ಮೂವತ್ತರ ಆಚೀಚೆ ಗಂಡ ತೀರಿಕೊಂಡರು. ಆ ಕಾಲದಲ್ಲಿ ವಿಧವೆ ಅಂದರೆ ಜೀವನ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ. ಉಮಾಬಾಯಿ ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಡಾ. ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾ ದಳದ ಮಹಿಳಾ ವಿಭಾಗದ ಹೊಣೆ ಕೊಟ್ಟಾಗ ಊರೂರು ತಿರುಗಿ, ಬೆಳಗಾವಿ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಉಮಾಬಾಯಿಯವರಿಗೆ ಆಗ 32. ಮುಂದೆ ಜೈಲಿಗೂ ಹೋದರು. 1946ರಲ್ಲಿ, 54ನೇ ವಯಸ್ಸಿಗೆ, ಗಾಂಧೀಜಿ ಅವರಿಗೆ ಕಸ್ತೂರಬಾ ಟ್ರಸ್ಟಿನ ಕರ್ನಾಟಕದ ಕೆಲಸ ಒಪ್ಪಿಸಿದರು. ಅವರು ನೂರು ವರ್ಷ ಬದುಕಿದರು.

ಮಗುವನ್ನು ಅಂಗನವಾಡಿಗೆ ಬಿಟ್ಟು ಬರುವ ನಮ್ಮ ಗೆಳತಿ ಇದನ್ನು ಓದಿ ಅಂದಳು: "ಆ 150 ಮಂದಿ ಹೆಂಗಸರಿಗೆ ಮನಿಯಾಗ ಏನೇನ್ ಅಂದಿರಬೇಕು, ಅದನ್ನ ಯಾರೂ ಬರದಿಲ್ಲ ನೋಡ್ರಿ." ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಹಿಂಡಲಗಾ ಜೈಲಿನಿಂದ ಸೊಲ್ಲಾಪುರಕ್ಕೆ

ಬೆಳಗಾವಿಯ ಇನ್ನೊಂದು ಬದಿಗೆ ಹಿಂಡಲಗಾ. ಅಲ್ಲಿನ ಜೈಲಿನಲ್ಲಿ 1930ರ ದಶಕದ ಮೊದಲ ವರ್ಷಗಳಲ್ಲಿ ಒಬ್ಬ ಮಾಸ್ತರರು ಇದ್ದರು. ಬರೆದ ಕವನದ ಹೆಸರು ‘ನರಬಲಿ’. ರಾಜದ್ರೋಹ ಅಂತ ಸರ್ಕಾರ ಹಿಡಿದು ಹಾಕಿತು. ಜೈಲಿನಿಂದ ಹೊರಬಂದ ಮೇಲೂ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಜರಕೈದು. ಅವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ.

ವರಕವಿ ಬೇಂದ್ರೆಯವರ ಫೋಟೋ ನಮ್ಮ ಎಲ್ಲ ಶಾಲೆಗಳ ಗೋಡೆಯ ಮೇಲಿದೆ. ಆದರೆ ಅವರ ನೌಕರಿಯ ಕಥೆ ಪಠ್ಯಪುಸ್ತಕದಲ್ಲಿಲ್ಲ. 1896ರಲ್ಲಿ ಹುಟ್ಟಿದವರು. 1918ರಲ್ಲಿ ಪುಣೆಯಲ್ಲಿ ಬಿ.ಎ. ಮುಗಿಸಿ ಧಾರವಾಡದಲ್ಲಿ ಶಾಲಾ ಮಾಸ್ತರಿಕೆ ಹಿಡಿದರು. ಜೈಲಾದ ಮೇಲೆ ನೆಲೆಯಾದ ಕೆಲಸ ಇಲ್ಲ. ಅಲ್ಲಷ್ಟು ದಿನ, ಇಲ್ಲಷ್ಟು ದಿನ. ಎಂ.ಎ. ಮಾಡಿಕೊಂಡದ್ದು 1935ರಲ್ಲಿ, 39ನೇ ವಯಸ್ಸಿಗೆ. ಆದರೂ ಕೆಲಸ ಕೈ ಹಿಡಿಯಲಿಲ್ಲ. ಮನೆಯಲ್ಲಿ ಬಡತನ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಆರು ಮಕ್ಕಳನ್ನು ಕಳೆದುಕೊಂಡ ಮನೆ ಅದು.

ಅವರ ಸುತ್ತಲಿನವರನ್ನು ನೋಡಿ. ವಿ.ಕೃ. ಗೋಕಾಕರು ಬೇಂದ್ರೆಯವರಿಗಿಂತ 13 ವರ್ಷ ಚಿಕ್ಕವರು, ಅವರನ್ನು ಗುರುವೆಂದೇ ಕಂಡವರು. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿ 1938ರಲ್ಲಿ ತಿರುಗಿ ಬಂದು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು. ಶಿಷ್ಯ ಪ್ರಿನ್ಸಿಪಾಲ, ಗುರುವಿಗೆ ನೌಕರಿಯಿಲ್ಲ. ಬಸ್ಸಿನಲ್ಲಿ ಕಾಕಾ ಕೇಳುವ ಪ್ರಶ್ನೆ ಬೇಂದ್ರೆಯವರಿಗೂ ಧಾರವಾಡದ ಓಣಿಗಳಲ್ಲಿ ಎದುರಾಗಿರಬೇಕು.

1943ರಲ್ಲಿ ಶಿವಮೊಗ್ಗದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಬೇಂದ್ರೆ. ನಾಡೇ ತಲೆಯ ಮೇಲೆ ಹೊತ್ತುಕೊಂಡಿತು. ಅವರಿಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರ ಕೆಲಸ ಸಿಕ್ಕಿದ್ದು ಮಾರನೆಯ ವರ್ಷ, 1944ರಲ್ಲಿ. ಆಗ ಅವರಿಗೆ 48. ಈಗಿನ ನೌಕರಿ ಜಾಹೀರಾತುಗಳ ಲೆಕ್ಕದಲ್ಲಿ ಅವರು ಅರ್ಜಿ ಹಾಕಲೂ ಬರುತ್ತಿರಲಿಲ್ಲ! ಹನ್ನೆರಡು ವರ್ಷ ಕೆಲಸ ಮಾಡಿ 1956ರಲ್ಲಿ ನಿವೃತ್ತರಾದರು. ಜ್ಞಾನಪೀಠ ತಂದುಕೊಟ್ಟ ‘ನಾಕು ತಂತಿ’ ಬಂದದ್ದು 1964ರಲ್ಲಿ, 68ನೇ ವಯಸ್ಸಿಗೆ.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ಮಾಸ್ತಿ ವೆಂಕಟೇಶ ಅಯ್ಯಂಗಾರರು. ಇಪ್ಪತ್ತರ ಹರೆಯದಲ್ಲೇ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು. ಎಲ್ಲರಿಗಿಂತ ಮುಂಚೆ, ಸರಿಯಾದ ಹೊತ್ತಿಗೆ, ದೊಡ್ಡ ನೌಕರಿ. ಬೇಂದ್ರೆಯವರ ಕಷ್ಟದ ಕಾಲದಲ್ಲಿ ‘ಜೀವನ’ ಪತ್ರಿಕೆಯ ಸಂಪಾದಕತ್ವ ಕೊಡಿಸಿ ನೆರವಾದವರು ಇವರೇ. ಅದೇ 1943ರಲ್ಲಿ ಮಾಸ್ತಿಯವರು ನೌಕರಿಗೆ ರಾಜೀನಾಮೆ ಕೊಟ್ಟರು. ಕಾರಣ, ಅವರಿಗಿಂತ ಕಿರಿಯರೊಬ್ಬರನ್ನು ಅವರನ್ನು ದಾಟಿಸಿ ಮೇಲಿನ ಹುದ್ದೆಗೆ ಏರಿಸಿದ್ದು.

ಸರಿಯಾದ ಹೊತ್ತಿಗೆ ಶುರು ಮಾಡಿದವರಿಗೂ ಒಂದು ದಿನ ಇನ್ನೊಬ್ಬರು ನಮ್ಮನ್ನು ದಾಟಿ ಹೋದರು ಅನ್ನುವ ನೋವು ಬಂತು. ಮನೆ ಕಟ್ಟಿಸುತ್ತಿರುವ ನಿಮ್ಮ ಗೆಳೆಯನಿಗೂ ಅವನ ಆಫೀಸಿನಲ್ಲಿ ಅಂಥದೊಂದು ನೋವು ಇರಬಹುದು. ಅವನು ವಾಸ್ತುಶಾಂತಿಯ ದಿನ ಅದನ್ನು ಹೇಳುವುದಿಲ್ಲ, ಅಷ್ಟೇ.

ಸುಳೇಭಾವಿಯ ಹುಡುಗ

ಬೆಳಗಾವಿ ತಾಲೂಕಿನ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು, ಅಂದರೆ ಕಾಂಗ್ರೆಸ್ ಅಧಿವೇಶನದ ವರ್ಷವೇ, ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ. ಈತನ ಕಥೆ ಉಲ್ಟಾ. ಹತ್ತು ವರ್ಷದ ಹೊತ್ತಿಗೇ ದೊಡ್ಡ ದೊಡ್ಡ ಸಭೆಗಳಲ್ಲಿ ಹಾಡುತ್ತಿದ್ದ. ಬಾಲ್ಯದಲ್ಲೇ ‘ಕುಮಾರ ಗಂಧರ್ವ’ ಎಂಬ ಬಿರುದು ಬಂತು. ಮುಂಬೈಗೆ ಹೋಗಿ ಬಿ.ಆರ್. ದೇವಧರ ಅವರಲ್ಲಿ ಕಲಿತರು. ಓರಗೆಯವರೆಲ್ಲ ಬಹಳ ಹಿಂದೆ, ಇವರು ಬಹಳ ಮುಂದೆ.

23ನೇ ವಯಸ್ಸಿಗೆ ಮದುವೆ, ಅದರ ಬೆನ್ನಿಗೇ ಕ್ಷಯರೋಗ. ಹಾಡಿದರೆ ಜೀವಕ್ಕೆ ಅಪಾಯ ಅಂದರು ಡಾಕ್ಟರು. ಒಣ ಹವೆಯ ಊರು ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹೆಂಡತಿ ಭಾನುಮತಿ ಆರೈಕೆ ಮಾಡಿದರು. ಐದಾರು ವರ್ಷ ವೇದಿಕೆ ಇಲ್ಲ. ಗಾಯಕನಿಗೆ 23ರಿಂದ 29ರ ವಯಸ್ಸು ಅಂದರೆ ಏನು? ಹೆಸರು ಬೆಳೆಯುವ ಕಾಲ. ಅದೇ ಹೊತ್ತಿಗೆ ಇವರು ಹಾಸಿಗೆಯ ಮೇಲೆ ಸುಮ್ಮನೆ ಮಲಗಿದ್ದರು.

ಹಾಡಲು ಆಗದಿದ್ದರೂ ಕೇಳಲು ಆಗುತ್ತಿತ್ತು. ಮಾಳವದ ಹೆಣ್ಣುಮಕ್ಕಳು ಹಾಡುವ ಜನಪದ ಹಾಡು, ಕಬೀರನ ಪದ ಹಾಡುವವರ ದನಿ ಕಿವಿಗೆ ಬೀಳುತ್ತಿದ್ದವು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿಯ ನೆರವಿನಿಂದ ಗುಣವಾಗಿ 1953ರಲ್ಲಿ ಮತ್ತೆ ಹಾಡಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಉದ್ದ ಉಸಿರು ಹಿಡಿಯಲು ಆಗುತ್ತಿರಲಿಲ್ಲ. ಸಣ್ಣ ಸಣ್ಣ ಉಸಿರಿನ ಹೊಸ ಗಾಯನ ಕಟ್ಟಿಕೊಂಡರು. ಹಾಸಿಗೆಯ ಮೇಲೆ ಕೇಳಿದ ಜನಪದ ಧಾಟಿಗಳಿಂದ ಹೊಸ ರಾಗ ಮಾಡಿದರು. ಅವರ ಕಬೀರ ಭಜನೆಗಳನ್ನು ನಮ್ಮ ಊರುಗಳಲ್ಲಿ ಈಗ ಫೋನಿನಲ್ಲಿ ಕೇಳುವವರಿದ್ದಾರೆ. 1990ರಲ್ಲಿ ಪದ್ಮವಿಭೂಷಣ ಬಂತು.

ಇದರಿಂದ ನಮಗೇನು?

‘ನೀವೂ ಕಾಯಿರಿ, ಬೇಂದ್ರೆ ಆಗುತ್ತೀರಿ’ ಅಂತ ಹೇಳಿದರೆ ಅದು ಸುಳ್ಳು. ತಡವಾದವರೆಲ್ಲ ದೊಡ್ಡವರಾಗುವುದಿಲ್ಲ. ಬಹಳ ಮಂದಿಯ ಹೆಸರು ಎಲ್ಲಿಯೂ ಉಳಿದಿಲ್ಲ. ನಮಗೆ ಕಂಡದ್ದು ಬೇರೆ ಮೂರು ಮಾತು.

ಒಂದು, ಈ ಮೂವರೂ ಸೋಮಾರಿತನದಿಂದ ತಡವಾದವರಲ್ಲ. ಒಬ್ಬರಿಗೆ ವೈಧವ್ಯ, ಒಬ್ಬರಿಗೆ ಜೈಲು, ಒಬ್ಬರಿಗೆ ರೋಗ. ನಮ್ಮವರಿಗೆ ಅಪ್ಪನ ಕಾಯಿಲೆ, ಬರ, ತಂಗಿಯ ಮದುವೆ, ರದ್ದಾದ ಪರೀಕ್ಷೆ. ನಿಮ್ಮ ಆ ವರ್ಷಗಳು ಎಲ್ಲಿ ಹೋದವು ಅಂತ ಒಂದು ಕಾಗದದ ಮೇಲೆ ಬರೆಯಿರಿ. ನಾವು ಬರೆದು ನೋಡಿದೆವು. ಹಾಳಾದ ವರ್ಷ ಅಂದುಕೊಂಡಿದ್ದರಲ್ಲಿ ಹೆಚ್ಚಿನವು ಯಾರದೋ ಆಸ್ಪತ್ರೆ ಖರ್ಚು, ಯಾರದೋ ಫೀ ಆಗಿದ್ದವು.

ಎರಡು, ಆ ಮೂವರ ಹಿಂದೆಯೂ ಕೈ ಹಿಡಿದವರು ಇದ್ದರು. ಮಾವ ಆನಂದರಾಯರು, ಗೆಳೆಯ ಮಾಸ್ತಿ, ಹೆಂಡತಿ ಭಾನುಮತಿ. ಮೇಲಾಗಿ ಅವರಿಗೆ ಓದಿನ, ಕಲೆಯ ಬಲ ಇತ್ತು. ನಮ್ಮ ಊರಿನ ಕೂಲಿ ಮನೆಯ ಹುಡುಗಿಗೆ ಅಂಥ ಆಸರೆ ಇರುವುದಿಲ್ಲ. ಆದ್ದರಿಂದ ‘ಧೈರ್ಯವಾಗಿರು’ ಅಂತ ಅವಳಿಗೆ ಹೇಳಿ ಕೈ ತೊಳೆದುಕೊಂಡರೆ ಸಾಲದು. ಮನೆಯವರು ಒಂದು ವರ್ಷ ಹೆಚ್ಚು ಕಾಯಬೇಕು, ಊರಿನವರು ಬಾಯಿ ಹಿಡಿಯಬೇಕು, ಸರ್ಕಾರ ಹೊತ್ತಿಗೆ ಸರಿಯಾಗಿ ಪರೀಕ್ಷೆ ನಡೆಸಬೇಕು. ಸರ್ಕಾರದಿಂದ ಆದ ತಡಕ್ಕೆ ವಯೋಮಿತಿ ಸರಿಸಬೇಕು ಅಂತ ಕೇಳುವುದು ಭಿಕ್ಷೆಯಲ್ಲ. 1877ರಿಂದ ಈ ದೇಶದವರು ಅದನ್ನು ಕೇಳುತ್ತಲೇ ಬಂದಿದ್ದಾರೆ.

ಮೂರು, ಆ ನಡುವಿನ ವರ್ಷಗಳು ಖಾಲಿ ಇರಲಿಲ್ಲ. ಬೇಂದ್ರೆ ಬರೆದರು, ಕುಮಾರರು ಕೇಳಿದರು. ನಮ್ಮ ಟೆಂಪೋ ಗೆಳೆಯ ಲೋಂಡಾದಿಂದ ಕಣಕುಂಬಿಯವರೆಗೆ ಯಾವ ಊರಿನ ರಸ್ತೆ ಯಾವ ಮಳೆಗೆ ಮುಚ್ಚುತ್ತದೆ, ಯಾವ ಹಳ್ಳಕ್ಕೆ ಸೇತುವೆ ಇಲ್ಲ ಅಂತ ಬಾಯಿಪಾಠ ಹೇಳುತ್ತಾನೆ. ನಾವು ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಸುದ್ದಿ ಅವನಿಗೆ ಆ ನಾಲ್ಕು ವರ್ಷದಲ್ಲಿ ಸಿಕ್ಕಿದೆ. ಕನ್ನಡದಲ್ಲೂ ಮಾತಾಡುತ್ತಾನೆ, ಮರಾಠಿಯಲ್ಲೂ ಮಾತಾಡುತ್ತಾನೆ.

ಇಷ್ಟೆಲ್ಲ ಓದಿದ ಮೇಲೂ ಅವನ ಸಂಕಟ ಪೂರ್ತಿ ಹೋಗಿಲ್ಲ. ಆದರೆ ಹೋದ ವಾರ ಅದೇ ಬಸ್ಸಿನಲ್ಲಿ ಅದೇ ಕಾಕಾ ಸಿಕ್ಕರು. ಅದೇ ಪ್ರಶ್ನೆ. ಈ ಸಲ ಅವನು ಕಿಟಕಿಯ ಕಡೆ ಮುಖ ತಿರುಗಿಸಲಿಲ್ಲ.

"ಮೂವತ್ತು ನಡೀತದ ಕಾಕಾ. ಈಗ ಶುರು ಮಾಡೇನಿ."

"ಹಂಗಾರ ಛಲೋ ಆತು ಬಿಡು," ಅಂದರು ಕಾಕಾ. "ನಮ್ಮೂರ ಹಳ್ಳಕ್ಕ ಇನ್ನೂ ಸೇತುವಿ ಆಗಿಲ್ಲ ನೋಡು. ಅದನ್ನ ಯಾವಾಗ ಬರೀತಿ?"

ಅವನು ಚೀಲದಿಂದ ಪುಸ್ತಕ ತೆಗೆದು ಊರಿನ ಹೆಸರು ಬರೆದುಕೊಂಡ.